ನೀರಿಗೆ ಬೆನ್ನು ಕೊಟ್ಟ ಮೈದಾನ

ಕಾಲೇಜುಗಳಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇಂಡಿ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೇಸ್‌ಬಾಲ್ ಮಾಸ್ತರರ ಮನೆ ಎಂದರೆ ಆಟೋದವರು ನೇರ ಬಾಗಿಲಿಗೆ ತಂದು ಬಿಡುತ್ತಾರೆ. ಟೀಮು ಹೇಗೆ ಕಟ್ಟಬೇಕು ಸರ್ ಎಂದು ಕೇಳುತ್ತಾರೆ. ಹೇಳಿದ್ದರಲ್ಲಿ ಅರ್ಧ ಕೇಳಿ, ಚಹಾ ಕುಡಿದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅವರು ಕೇಳದೆ ಬಿಟ್ಟುಹೋದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಆ ಶಾಲುಗಳ ಮೇಲೆ ನಮ್ಮ ಮನೆಯವರು ಈಗ ಹಪ್ಪಳ ಒಣಗಿಸುತ್ತಾರೆ.

ನನ್ನ ತಂದೆ ಇಂಡಿಯಲ್ಲಿ ಟೇಲರ್. ನಾನು ಖೋ ಖೋ ಆಡುತ್ತ ಬೆಳೆದವನು. ಅಲ್ಲಿನ ಡಿಗ್ರಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಾಗ ಬೇಸ್‌ಬಾಲ್ ಎನ್ನುವ ಆಟವನ್ನು ಕಣ್ಣಾರೆ ಕಂಡಿರಲಿಲ್ಲ. ಆಗಿನ ಪ್ರಿನ್ಸಿಪಾಲ್ ದೇಸಾಯಿ ಸರ್ ಒಂದು ದಿನ ವಿಶ್ವವಿದ್ಯಾಲಯದ ಸಭೆಯಿಂದ ಬಂದವರೇ ನನ್ನನ್ನು ಕರೆಸಿ, ಹೊಸ ಆಟವೊಂದು ಸೇರಿದೆ, ಯಾವ ಕಾಲೇಜಿನಲ್ಲೂ ಟೀಮು ಇಲ್ಲ, ನಾವು ಹೋಗಿ ನಿಂತರೇ ಕಪ್ಪು ಸಿಗುತ್ತದೆ ಎಂದರು. ಆಟ ಹೇಗಿರುತ್ತದೆ ಎಂದು ಕೇಳಿದೆ. “ಹುಸೇನಸಾಬ್ರ, ಕ್ರಿಕೆಟ್ಟೇ ಐತ್ರಿ. ಬರೇ ಸ್ಟಂಪ್ ಇರಂಗಿಲ್ಲ ಅಷ್ಟ,” ಎಂದರು. ಅವರ ಆ ಒಂದು ಮಾತಿನಿಂದ ನಾನು ಪಟ್ಟ ಪಾಡು ನನಗೇ ಗೊತ್ತು.

ಮೊದಲ ಬ್ಯಾಟನ್ನು ಬಡಿಗೇರನ ಕೈಲಿ ಜಾಲಿ ಕಟ್ಟಿಗೆಯಲ್ಲಿ ಮಾಡಿಸಿದೆ. ಅದನ್ನು ಎತ್ತಿ ಬೀಸಿದ ಹುಡುಗ ತಾನೇ ಒಂದು ಸುತ್ತು ತಿರುಗಿ ಬೀಳುತ್ತಿದ್ದ. ಚೆಂಡು ಕೊಳ್ಳಲು ಕಾಲೇಜು ಕೊಟ್ಟದ್ದು ಸಾಲುತ್ತಿರಲಿಲ್ಲ. ಇಂಡಿ ಎಂದರೆ ನಿಂಬೆಹಣ್ಣಿನ ಊರು. ಸಂತೆಯಲ್ಲಿ ಆರಿಸಿ ಬಿಸಾಡಿದ ನಿಂಬೆಹಣ್ಣನ್ನು ಚೀಲದಲ್ಲಿ ತುಂಬಿಕೊಂಡು ಬಂದು ಹುಡುಗರಿಗೆ ಎಸೆಯುತ್ತಿದ್ದೆ. ಅಷ್ಟು ಸಣ್ಣದನ್ನು ಬ್ಯಾಟಿಗೆ ತಾಗಿಸಿದವನಿಗೆ ನಿಜವಾದ ಚೆಂಡು ಕುಂಬಳಕಾಯಿಯಂತೆ ಕಾಣುತ್ತದೆ. ಸಂಜೆಯಾಗುವಷ್ಟರಲ್ಲಿ ಇಡೀ ಮೈದಾನ ಉಪ್ಪಿನಕಾಯಿ ಹಾಕುವ ಮನೆಯಂತೆ ನಾರುತ್ತಿತ್ತು. ಈಗ ಯಂತ್ರ ಚೆಂಡೆಸೆಯುತ್ತದಂತೆ. ಎಸೆಯಲಿ, ಆದರೂ ನಿಂಬೆಹಣ್ಣನ್ನು ಒಮ್ಮೆ ಪ್ರಯತ್ನಿಸಿ ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ.

ಮೊದಲ ಪಂದ್ಯ ಬಸವನ ಬಾಗೇವಾಡಿಯಲ್ಲಿ. ನಮ್ಮ ಹುಡುಗ ಮೊದಲ ಚೆಂಡನ್ನೇ ದೂರ ಹೊಡೆದ. ಹೊಡೆದವನು ಬ್ಯಾಟನ್ನು ಅಲ್ಲೇ ಬಿಟ್ಟು ಬೇಸಿನಿಂದ ಬೇಸಿಗೆ ಓಡಿ ಸುತ್ತು ಮುಗಿಸಬೇಕು. ಇವನು ಬ್ಯಾಟು ಹಿಡಿದುಕೊಂಡೇ ಮೊದಲ ಬೇಸಿಗೆ ಓಡಿ, ಕ್ರಿಕೆಟ್ಟಿನಂತೆ ಅದನ್ನು ಬೇಸಿಗೆ ಒಮ್ಮೆ ಮುಟ್ಟಿಸಿ, ಗರಕ್ಕನೆ ತಿರುಗಿ ಹೊರಟಲ್ಲಿಗೇ ಓಡಿಬಂದ. ಬಂದು ಎರಡು ರನ್ನಾಯಿತೆಂದು ನನಗೆ ಬೆರಳು ತೋರಿಸಿದ. ಅಂಪೈರ್ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ನಾನೂ ನಕ್ಕೆ, ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ನಾನು ಮೊದಲಿನಿಂದಲೂ ಸಿಡುಕ.

ನಗು ಬಾರದ ಸಂಗತಿ ನಡೆದದ್ದು ಸಿಂದಗಿಯಲ್ಲಿ. ಎರಡು ವರ್ಷ ತಯಾರಿ ಮಾಡಿಸಿ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಚೆಂಡು ಎತ್ತರಕ್ಕೆ ಹೋಯಿತು. ಎಡಕ್ಕೆ ನಿಂತ ಸಿದ್ದು, ನಡುವೆ ನಿಂತ ರಫೀಕ್ ಇಬ್ಬರೂ ಆಕಾಶ ನೋಡುತ್ತ ಓಡಿಬಂದರು. ಇಬ್ಬರೂ ಸುಮ್ಮನಿದ್ದರು. ತಲೆಗೆ ತಲೆ ಬಡಿದ ಸಪ್ಪಳ ಮೈದಾನದ ಈ ತುದಿಗೆ ಕೇಳಿಸಿತು. ಸಿದ್ದುವಿನ ದವಡೆ ಮುರಿದಿತ್ತು. ರಫೀಕನಿಗೆ ತಾನು ಯಾವ ಊರಿನಲ್ಲಿದ್ದೇನೆ ಎನ್ನುವುದು ಸಂಜೆಯವರೆಗೆ ನೆನಪಾಗಲಿಲ್ಲ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಒಂದು ನಿಯಮ ಮಾಡಿಕೊಂಡೆ. ಚೆಂಡು ಮೇಲೆ ಹೋದಾಗ ಹಿಡಿಯುವವನು “ನಂದ!”, ಎಂದರೆ ಚೆಂಡು ನನ್ನದು, ಎಂದು ಕೂಗಬೇಕು. ಮೊದಲು ಕೂಗಿದವನದು ಚೆಂಡು. ಆ ಕೂಗು ಕಿವಿಗೆ ಬಿದ್ದ ಕೂಡಲೇ ಉಳಿದವರೆಲ್ಲ ಇದ್ದಲ್ಲಿಯೇ ನಿಲ್ಲಬೇಕು. ಒಂದು ಹೆಜ್ಜೆ ಹೆಚ್ಚು ಇಟ್ಟರೂ ಮೈದಾನದ ಸುತ್ತ ಓಡಬೇಕು. ಅಲ್ಲಿಂದ ಮುಂದೆ ನಿವೃತ್ತಿಯವರೆಗೆ ನನ್ನ ಮೈದಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿದ ಶಬ್ದ ಅದು. ನಾನೂ ದಿನಾ ಗಂಟಲು ಹರಿದುಕೊಂಡು ಕೂಗಿ ಕೂಗಿ ತೋರಿಸುತ್ತಿದ್ದೆ.

ಆಮೇಲೆ ಮುದ್ದೇಬಿಹಾಳದ ಕಡೆಯ, ಆಲಮಟ್ಟಿ ಹಿನ್ನೀರಿನ ದಂಡೆಯ ಒಂದು ಕಾಲೇಜಿಗೆ ವರ್ಗವಾಯಿತು. ನಾನು ಹೇಳಬೇಕೆಂದು ಕೂತಿರುವುದು ಆ ಮೈದಾನದ ಸಂಗತಿಯನ್ನು.

ಮೈದಾನವೇನೋ ಇಂಡಿಯದಕ್ಕಿಂತ ದೊಡ್ಡದು, ಕಲ್ಲಿಲ್ಲದ ಕಪ್ಪು ನೆಲ. ಬ್ಯಾಟು ಹಿಡಿದು ನಿಂತವನ ಎಡಗೈ ದಿಕ್ಕಿನ ಬಯಲಿಗೆ ನಾವು ಲೆಫ್ಟ್ ಎನ್ನುತ್ತೇವೆ. ಅಲ್ಲಿ ಮೈದಾನ ಮುಗಿದ ಕೂಡಲೇ ನೆಲ ಇಳಿಯುತ್ತಿತ್ತು. ಇಳಿಜಾರಿನ ಕೆಳಗೆ ನೀರು. ಆಣೆಕಟ್ಟು ತುಂಬಿದಾಗ ಅಲ್ಲಿದ್ದ ಒಂದು ಊರು ಮುಳುಗಿತ್ತು. ಊರವರೆಲ್ಲ ಹೊಸ ಊರಿಗೆ ಹೋಗಿ ಸುಖವಾಗಿಯೇ ಇದ್ದರು, ಅವರ ಮಕ್ಕಳು ನಮ್ಮ ಕಾಲೇಜಿಗೇ ಬರುತ್ತಿದ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮನೆಗಳ ಅಡಿಪಾಯ, ಒಂದು ಕಟ್ಟೆ, ಬೀಸುವ ಕಲ್ಲುಗಳು ಎದ್ದು ಕಾಣುತ್ತಿದ್ದವು. ಬಿಳಿ ಕೊಕ್ಕರೆಗಳು ಆ ಕಟ್ಟೆಯನ್ನು ಬಿಟ್ಟು ಸುತ್ತೆಲ್ಲ ಕೂರುತ್ತಿದ್ದವು. ಅದನ್ನು ನಾನು ಗಮನಿಸಿದ್ದು ತಡವಾಗಿ.

ಅಲ್ಲಿಗೆ ಹೋದ ಕೆಲವು ವರ್ಷ ಏನೂ ಆಗಲಿಲ್ಲ. ಹುಡುಗರನ್ನು ತಯಾರು ಮಾಡಿದೆ, ದಿನಾ ಕೂಗಿಸಿದೆ. ಒಂದು ಬೇಸಿಗೆಯ ಮಧ್ಯಾಹ್ನ ನಾನು ಬ್ಯಾಟಿನಿಂದ ಹೊಡೆದು ಹೊಡೆದು ಚೆಂಡು ಕೊಡುತ್ತಿದ್ದೆ. ಒಂದು ಚೆಂಡು ಲೆಫ್ಟಿನ ಕಡೆ ಎತ್ತರಕ್ಕೆ ಹೋಯಿತು. “ನಂದ!” ಎಂಬ ಕೂಗು ಬಂತು. ಎಲ್ಲರೂ ನಿಂತರು. ಚೆಂಡು ಯಾರೂ ಇಲ್ಲದ ಜಾಗದಲ್ಲಿ ಧಪ್ಪೆಂದು ಬಿತ್ತು. ಕೂಗಿದವನು ಯಾರೆಂದು ಕೇಳಿದರೆ ಎಲ್ಲರೂ ಲೆಫ್ಟಿನ ಹುಡುಗನತ್ತ ನೋಡಿದರು. ಅವನು ನಡುವೆ ನಿಂತವನತ್ತ ನೋಡಿದ. ನಾನು ಇಬ್ಬರನ್ನೂ ಓಡಿಸಿದೆ. ಮರುವಾರ ಮತ್ತೆ ಹಾಗೇ ಆಯಿತು, ಮತ್ತೆ ಓಡಿಸಿದೆ. ಲೆಫ್ಟಿಗೆ ಬೇರೆ ಹುಡುಗನನ್ನು ಹಾಕಿದೆ, ಅವನನ್ನೂ ಓಡಿಸಿದೆ. ಪ್ರತಿದಿನ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಇಲ್ಲದೆ, ಇನ್ನು ಮರೆತೇಬಿಟ್ಟೆವು ಎನ್ನುವಾಗ ಬರುತ್ತಿತ್ತು.

ಹುಡುಗರ ತುಂಟಾಟ ಎಂದೇ ನಾನು ತಿಳಿದಿದ್ದೆ. ಒಂದು ವಿಷಯ ಮಾತ್ರ ಕೊರೆಯುತ್ತಿತ್ತು. ಓಡುವವನ ಕೂಗಿನಲ್ಲಿ ಉಸಿರಿರುತ್ತದೆ. ಹೆಜ್ಜೆ ನೆಲಕ್ಕೆ ಬಿದ್ದಾಗಲೆಲ್ಲ ದನಿ ಕುಲುಕುತ್ತದೆ. ಇಷ್ಟು ವರ್ಷ ಅದನ್ನೇ ಕೇಳಿದ ಕಿವಿ ನನ್ನದು. ಈ ಕೂಗು ಕುಲುಕುತ್ತಿರಲಿಲ್ಲ. ಚೆಂಡಿನ ಕೆಳಗೆ ಆಗಲೇ ಬಂದು ನಿಂತು ಕಾಯುತ್ತಿರುವವನ ಕೂಗಿನಂತೆ ಸಲೀಸಾಗಿತ್ತು.

ಹಣಮಂತ ಬಂದದ್ದು ಆ ಮೇಲೆ. ನೀರಿನ ದಂಡೆಗೇ ಅವರ ಮನೆ, ಮೀನು ಹಿಡಿಯುವ ಮಂದಿ. ಬಲೆ ಬೀಸಿ ಬೀಸಿ ಹದಗೊಂಡ ತೋಳು; ತೆಪ್ಪದಲ್ಲಿ ನಿಂತು ಬೆಳೆದವನಾದ್ದರಿಂದ ಎಂಥ ಜಾಗದಲ್ಲೂ ಕಾಲು ತಪ್ಪುತ್ತಿರಲಿಲ್ಲ. ಚೆಂಡು ಬ್ಯಾಟಿನಿಂದ ಹೊರಟ ಸಪ್ಪಳಕ್ಕೇ ಅದು ಎಲ್ಲಿ ಬೀಳುತ್ತದೆಂದು ತಿಳಿದು ಹೊರಡುತ್ತಿದ್ದ. ನನ್ನ ಕೈಯಲ್ಲಿ ಬೆಳೆದ ಹುಡುಗರಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಅವನನ್ನು ನೋಡಿದ ದಿನ ರಾತ್ರಿ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು. ಅವನಲ್ಲಿದ್ದ ಕೊರತೆ ಒಂದೇ. ಬೇರೆ ಕಡೆ ನಿಲ್ಲಿಸಿದರೆ ಚೆನ್ನಾಗಿ ಕೂಗುತ್ತಿದ್ದ. ಲೆಫ್ಟಿನಲ್ಲಿ ಚೆಂಡು ತಲೆಯ ಮೇಲಿಂದ ಹೋಗಿ ಅವನು ನೀರಿನ ಕಡೆ ತಿರುಗಿದನೆಂದರೆ ಬಾಯಿ ಹೊಲಿದಂತೆ ಸುಮ್ಮನಾಗುತ್ತಿದ್ದ. ಬೈದೆ, ಓಡಿಸಿದೆ. ತಲೆ ಬಗ್ಗಿಸಿ ಓಡುತ್ತಿದ್ದ, ಆದರೆ ಕೂಗುತ್ತಿರಲಿಲ್ಲ.

ಅವನ ಕೊನೆಯ ವರ್ಷ ನಮ್ಮ ಮೈದಾನದಲ್ಲೇ ಸಿಂದಗಿಯ ಕಾಲೇಜಿನ ಮೇಲೆ ಒಂದು ಪಂದ್ಯ. ಗೆಲ್ಲುವ ಹೊತ್ತಿನಲ್ಲಿ ಚೆಂಡು ಲೆಫ್ಟಿಗೆ ಹೋಯಿತು. ಹಣಮಂತ ಓಡಿದ, ನಡುವಿನ ಬಸವರಾಜನೂ ಓಡಿದ. “ನಂದ!” ಎಂಬ ಕೂಗಿಗೆ ಬಸವರಾಜ ನಿಂತ, ಹಣಮಂತನೂ ನಿಂತ. ಚೆಂಡು ಇಬ್ಬರ ಮಧ್ಯೆ ಬಿತ್ತು. ಸೋತೆವು. ಬಸವರಾಜ ಬಂದವನೇ ಹಣಮಂತನ ಕೊರಳಪಟ್ಟಿ ಹಿಡಿದ, ತಾನೇ ಕೂಗಿ ತಾನೇ ಬಿಟ್ಟ ಎಂದು. ಆಯ್ಕೆ ಸಮಿತಿಯ ಹಿರಿಯರೊಬ್ಬರು ಆಟ ನೋಡಲು ಬಂದಿದ್ದರು. ಹುಡುಗನಿಗೆ ಕೈಯಿದೆ, ನಿಯತ್ತಿಲ್ಲ ಎಂದು ನನ್ನೆದುರೇ ಹೇಳಿದರು. ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸದ ದಾರಿ ಇತ್ತು. ಹಣಮಂತ ಮೂರು ವರ್ಷ ಬೆವರು ಸುರಿಸಿದ್ದು ಅದಕ್ಕೇ. ಆ ಒಂದು ಮಾತಿನಿಂದ ಅವನಿಗೆ ತಂಡದ ಬಾಗಿಲು ಮುಚ್ಚಿದಂತೆಯೇ ಆಯಿತು. ವಲಯದ ಫೈನಲ್ ಒಂದೇ ಉಳಿದಿತ್ತು, ಅದೂ ನಮ್ಮ ಮೈದಾನದಲ್ಲೇ. ಅಲ್ಲಿಯೂ ಹೀಗೇ ಆದರೆ ಸುಳ್ಳ ಎಂಬ ಹೆಸರು ಹೊತ್ತುಕೊಂಡು ಅವನು ಮನೆಗೆ ಹೋಗಬೇಕಿತ್ತು.

“ನಾ ಕೂಗಿಲ್ರಿ ಸರ,” ಎಂದನಷ್ಟೆ. ಅತ್ತರೆ, ಆಣೆ ಇಟ್ಟರೆ ನಾನು ನಂಬುತ್ತಿರಲಿಲ್ಲವೇನೋ. ಅವನು ಎರಡೂ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಬರಲು ಹೇಳಿದೆ. ಉಳಿದ ಹುಡುಗರನ್ನು ಎಂದಿನ ಜಾಗಗಳಲ್ಲಿ ನಿಲ್ಲಿಸಿ, ಲೆಫ್ಟನ್ನು ಖಾಲಿ ಬಿಟ್ಟೆ. ಹಣಮಂತನನ್ನು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಿಸಿಕೊಂಡೆ. ಚೆಂಡು ಹೊಡೆಯಲು ಬಸವರಾಜನಿಗೆ ಹೇಳಿದೆ. ಬಿಸಿಲು ನೆತ್ತಿಯ ಮೇಲಿತ್ತು, ನೆರಳುಗಳೆಲ್ಲ ಕಾಲಡಿಗೆ ಸೇರಿಕೊಂಡಿದ್ದವು. ಬಸವರಾಜ ಹೊಡೆದ ಚೆಂಡುಗಳೆಲ್ಲ ಲೆಫ್ಟಿನಲ್ಲಿ ಬಿದ್ದವು, ಏನೂ ಆಗಲಿಲ್ಲ. ನನಗೆ ನನ್ನ ಮೇಲೇ ನಗು ಬಂತು. ಎದ್ದು ಸಾಕು ಎನ್ನುವಷ್ಟರಲ್ಲಿ ಅವನು ಇನ್ನೊಂದು ಹೊಡೆದ. ಅದು ಏರಿ ಏರಿ ಸೂರ್ಯನಲ್ಲಿ ಕರಗಿತು. ಅದರ ಏರು ಮುಗಿದು ಇಳಿತ ಶುರುವಾಗುವ ಹೊತ್ತಿಗೆ, ಯಾರೂ ಇಲ್ಲದ ಆ ಇಳಿಜಾರಿನ ಕಡೆಯಿಂದ ಕೂಗು ಬಂತು.

“ನಂದ!”

ನಾನು ಹಣಮಂತನ ಬಾಯಿಯನ್ನೇ ನೋಡುತ್ತಿದ್ದೆ. ತುಟಿ ಮುಚ್ಚಿಯೇ ಇತ್ತು. ಮೈದಾನದಲ್ಲಿ ಅಷ್ಟೂ ಹುಡುಗರು ನಾನು ಕಲಿಸಿದಂತೆ ಇದ್ದಲ್ಲೇ ನಿಂತಿದ್ದರು, ಒಬ್ಬನ ಕಾಲು ಎತ್ತಿದ್ದು ಹಾಗೇ ಉಳಿದಿತ್ತು. ನೀರಿನ ಅಂಚಿನ ಕೊಕ್ಕರೆಗಳೆಲ್ಲ ಒಟ್ಟಿಗೇ ಎದ್ದವು. ಚೆಂಡು ಬಿದ್ದ ಸಪ್ಪಳ ಕೇಳಿದ ಮೇಲೆ ನನಗೆ ಉಸಿರು ಬಂತು. ಅಂಜಿದ್ದೆ, ಬಹಳ ಅಂಜಿದ್ದೆ. ಇಷ್ಟು ದಿನ ತಪ್ಪಿಲ್ಲದ ಹುಡುಗರನ್ನು ಓಡಿಸಿದೆನಲ್ಲ ಎಂಬ ಯೋಚನೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

ಹಣಮಂತ ಮಾತ್ರ ಶಾಂತವಾಗಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಇದು, ಮಾಸ್ತರರ ಮುಂದೆ ಹೇಳಿದರೆ ನಗುತ್ತಾರೆ ಎಂದು ಸುಮ್ಮನಿದ್ದೆ ಎಂದ. ನೀವು ಒಮ್ಮೆ ನಮ್ಮ ಆಯಿಯನ್ನು ಕೇಳಿ ಎಂದ. ಆಯಿ ಎಂದರೆ ಅವನ ಅಜ್ಜಿ.

ಸಂಜೆಯ ಮೊದಲೇ ಅವರ ಮನೆಗೆ ಹೋದೆ. ಆಯಿ ಅಂಗಳದಲ್ಲಿ ಕೂತು ಬಲೆ ಹೊಲಿಯುತ್ತಿದ್ದಳು. ದಂಡೆಯ ಸುತ್ತ ತೆಪ್ಪಗಳು ಹೋಗಿ ಬಂದು ಮಾಡುತ್ತಿದ್ದರೂ ಒಂದು ದನಿಯಿಲ್ಲ. ಯಾರನ್ನಾದರೂ ಕರೆಯಬೇಕಾದರೆ ಹುಟ್ಟುಗೋಲಿನಿಂದ ತೆಪ್ಪದ ಅಂಚಿಗೆ ತಟ್ಟುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಗೆಯ ತಟ್ಟು. ಅಷ್ಟು ವರ್ಷ ಅದೇ ದಂಡೆಯ ಮೇಲೆ ಕೆಲಸ ಮಾಡಿ ನಾನದನ್ನು ನೋಡಿರಲೇ ಇಲ್ಲ.

ಇಲ್ಲಿ ನೀರಿನ ಕಡೆ ಮುಖ ಮಾಡಿ ಯಾರೂ ಕೂಗುವುದಿಲ್ಲ ಎಂದು ಆಯಿ ಹೇಳಿದಳು. ಕೂಗಿದ ದನಿ ನೀರಿಗೆ ಬೀಳುತ್ತದೆ, ನೀರು ಅದನ್ನು ಇಟ್ಟುಕೊಳ್ಳುತ್ತದೆ. ಮುಳುಗಿದ ಊರಿನವರು ಸಾಮಾನು ಹೊತ್ತು ಹೊರಡುವ ದಿನ ಎತ್ತು, ದನ, ಮಕ್ಕಳನ್ನು ಕರೆದದ್ದು ಎಷ್ಟೋ ವರ್ಷ ಕೇಳಿಸುತ್ತಿತ್ತಂತೆ. ಕರೆದವರು ಬದುಕೇ ಇದ್ದರು, ಹೊಸ ಊರಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ಅವರ ಕರೆಯಷ್ಟೇ ಇಲ್ಲಿ ಉಳಿದಿತ್ತು. ದೂರದಿಂದ ಕೂಗಿದರೆ ನೀರು ಮಾತನ್ನಷ್ಟೇ ಕಲಿಯುತ್ತದೆ, ಹತ್ತಿರ ಹೋಗಿ ಕೂಗಿದರೆ ದನಿಯನ್ನೇ ತೆಗೆದುಕೊಳ್ಳುತ್ತದೆ ಎಂದಳು. ಆಯಿಯ ಗಂಡ ಹರೆಯದಲ್ಲಿ ಒಮ್ಮೆ ನಡುನೀರಿನಿಂದ ಅವಳ ಹೆಸರು ಹಿಡಿದು ಕೂಗಿದ್ದನಂತೆ. ಆಮೇಲೆ ಸಾಯುವತನಕ ಅವನು ಮಾತಾಡಿದ್ದು ಪಿಸುದನಿಯಲ್ಲೇ.

“ಹಂಗಾದ್ರ ನಮ್ಮ ಮೈದಾನದಾಗ ಕೂಗೂದು ಯಾರ್ರಿ ಆಯಿ?” ಎಂದು ಕೇಳಿದೆ.

ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. “ನೀವು ಬರೂಕಿಂತ ಮೊದ್ಲ ಅದಕ್ಕ ಈ ಮಾತ ಗೊತ್ತಿರಲಿಲ್ರಿ ಮಾಸ್ತರ. ದಿನಾ ಕೂಗಿ ಕಲಿಸಿದವರು ನೀವ ಅಲ್ಲೇನ್ರಿ?”

ಮೈದಾನದಲ್ಲಿ ನಾನು ನಿಲ್ಲುತ್ತಿದ್ದದ್ದು ನೀರಿಗೆ ಮುಖ ಮಾಡಿಯೇ.

ಉಳಿದ ದಿನಗಳಲ್ಲಿ ನಾನು ತೋಚಿದ್ದನ್ನೆಲ್ಲ ಮಾಡಿ ನೋಡಿದೆ. ಪಂದ್ಯವನ್ನು ಬೇರೆ ಕಡೆ ಇಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಕಾರಣ ಏನು ಬರೆಯಲಿ ಎಂದು ಅವರು ಪೆನ್ನು ಹಿಡಿದು ಕೂತರು, ನಾನು ಎದ್ದು ಬಂದೆ. ಕೂಗುವ ಬದಲು ಚಪ್ಪಾಳೆ ತಟ್ಟಲು ಹಣಮಂತನಿಗೆ ಹೇಳಿದೆ. ಒಂದು ಕೈಗೆ ಗ್ಲೌಸು ಹಾಕಿಕೊಂಡವನ ಚಪ್ಪಾಳೆ ದಿಂಬಿಗೆ ಗುದ್ದಿದಂತೆ ಕೇಳಿಸುತ್ತದೆ. ಸೀಟಿ ಹೊಡೆಯಲು ಹೇಳಿದೆ. ಓಡುವಾಗ ತುಟಿ ಒಣಗಿ ಬರೀ ಗಾಳಿ ಬಂತು, ಬಸವರಾಜ ಕೇಳಿಸದೆ ನುಗ್ಗಿ ಇಬ್ಬರ ಭುಜ ತಾಗಿ ಉರುಳಿದರು. ಸಿಂದಗಿಯ ಆಸ್ಪತ್ರೆಯ ಬೆಂಚು ನನಗೆ ನೆನಪಾಯಿತು. ಹಣಮಂತನನ್ನು ಲೆಫ್ಟಿನಿಂದ ತೆಗೆಯಬಹುದಿತ್ತು. ಆದರೆ ಅವನ ಬದಲು ಅಲ್ಲಿ ಯಾರು ನಿಂತರೂ ಆ ಕೂಗಿಗೆ ನಿಂತೇ ನಿಲ್ಲುತ್ತಿದ್ದರು. ಲೆಫ್ಟಿನಲ್ಲಿ ಅವನ ಆಟ ನೋಡದೆ ಸಮಿತಿಯವರು ಅವನನ್ನು ಆರಿಸುತ್ತಲೂ ಇರಲಿಲ್ಲ.

ಒಂದು ಉಪಾಯ ಅವನಿಗೇ ಹೊಳೆಯಿತು. ಅದು ನಮ್ಮ ಆಟವನ್ನು ನೋಡಿ ಕಲಿತದ್ದಾದರೆ ನಮ್ಮ ನಿಯಮವೂ ಅದಕ್ಕೆ ಗೊತ್ತಿರಬೇಕು ಎಂದ. ಮೊದಲು ಕೂಗಿದವನದು ಚೆಂಡು. ಅದು ಕೂಗುವುದು ಚೆಂಡಿನ ಏರು ಮುಗಿದ ಮೇಲೆ. ಅದಕ್ಕಿಂತ ಮೊದಲೇ, ನೀರಿಗೆ ಮುಖ ಮಾಡಿ, ತಾನು ಕೂಗಿಬಿಟ್ಟರೆ?

ಕೂಗು ಎಂದು ನಾನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಕೊನೆಗೆ ಆಯಿಯನ್ನು ಕೇಳಿ ಬಾ ಎಂದೆ. ಅವನು ಕೇಳಿ ಬಂದ. ಆಯಿ ಹೇಳಿದ್ದು ಇಷ್ಟೇ: “ಒಮ್ಮಿ ಕೊಟ್ಟದ್ದನ್ನ ಅದು ಹೊಳ್ಳಿ ಕೊಡಂಗಿಲ್ಲೋ ತಮ್ಮಾ. ನಿನಗ ಬೇಕಾದ್ದು ಅದಕ್ಕಿಂತ ದೊಡ್ಡದಿದ್ರ ಕೊಡು.”

ಫೈನಲ್ಲಿನ ದಿನ ಸಮಿತಿಯವರು ಶಾಮಿಯಾನದ ಕೆಳಗೆ ಕೂತಿದ್ದರು. ಆಯಿಯೂ ಬಂದು ದೂರದ ಬೇವಿನ ಗಿಡದ ಬುಡದಲ್ಲಿ ಕೂತಳು. ಆಟ ಕೊನೆಯ ಸುತ್ತಿಗೆ ಬಂತು. ನಾವು ಒಂದೇ ರನ್ನು ಮುಂದಿದ್ದೆವು, ಎದುರಿನವರ ಇಬ್ಬರು ಬೇಸುಗಳ ಮೇಲೆ ಓಡಲು ಕಾಯುತ್ತ ನಿಂತಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು, ಚೆಂಡು ಕೆಳಗೆ ಬಿದ್ದರೆ ಸೋಲು. ಬ್ಯಾಟಿನ ಸಪ್ಪಳ ಕೇಳಿಯೇ ನನಗೆ ಗೊತ್ತಾಯಿತು, ಚೆಂಡು ಲೆಫ್ಟಿಗೆ, ತಲೆಯ ಮೇಲಿಂದ. ಹಣಮಂತ ಬೆನ್ನು ತಿರುಗಿಸಿ ನೀರಿನ ಕಡೆ ಓಡಿದ. ಬಸವರಾಜ ನಡುವಿನಿಂದ ಓಡಿದ. ಚೆಂಡು ಇನ್ನೂ ಏರುತ್ತಿತ್ತು.

“ನಂದ!”

ಅದು ಹಣಮಂತನ ದನಿ. ಉಸಿರಿತ್ತು, ಹೆಜ್ಜೆಗೆ ಕುಲುಕುತ್ತಿತ್ತು. ಬಸವರಾಜ ನಿಂತ. ಚೆಂಡಿನ ಏರು ಮುಗಿಯಿತು. ನಾನು ಕಿವಿಗೊಟ್ಟು ನಿಂತೆ. ಬೇರೆ ಕೂಗು ಬರಲಿಲ್ಲ. ಇಳಿಜಾರು ಶುರುವಾಗುವ ಅಂಚಿನಲ್ಲಿ ಹಣಮಂತ ಕೈ ಚಾಚಿ ಚೆಂಡು ಹಿಡಿದ.

ಹುಡುಗರು ಅವನನ್ನು ಹೊತ್ತುಕೊಂಡು ಬಂದರು. ಬಸವರಾಜನೇ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದ. ನಾನು ಅಪ್ಪಿಕೊಂಡಾಗ ಹಣಮಂತನ ಮೈ ತಣ್ಣಗಿತ್ತು, ಆ ಬಿಸಿಲಿನಲ್ಲಿ. ನನ್ನ ಕಿವಿಯ ಹತ್ತಿರ ಬಾಯಿ ತಂದು, “ಅಲ್ಲಿ ಯಾರೋ ನಿಂತಿದ್ರು ಸರ. ನಾ ಕೂಗಿದ ಮ್ಯಾಲ ಬಾಜೂಕ ಸರದು ದಾರಿ ಬಿಟ್ರು,” ಎಂದ. ಬೇವಿನ ಗಿಡದ ಕಡೆ ನೋಡಿದೆ. ಆಯಿ ಎದ್ದು ಮನೆಯ ದಾರಿ ಹಿಡಿದಿದ್ದಳು.

ಅವನು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ. ನಿಯತ್ತಿಲ್ಲ ಎಂದಿದ್ದ ಹಿರಿಯರೇ ಅವನ ಬೆನ್ನು ತಟ್ಟಿದರು. ಮುಂದೆ ರೈಲ್ವೆಯಲ್ಲಿ ಕೆಲಸವೂ ಆಯಿತು, ಹುಬ್ಬಳ್ಳಿಯಲ್ಲಿ ಮನೆ ಮಾಡಿದ. ಆ ಗೆಲುವಿನ ಸಂತೋಷವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ನನ್ನ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ಆದರೆ ಫೈನಲ್ಲಿನ ಮರುವಾರದಿಂದಲೇ ಅವನ ದನಿ ಇಳಿಯತೊಡಗಿತು. ಶೀತ ಎಂದರು, ಬಿಸಿಲು ಎಂದರು. ದೊಡ್ಡ ಡಾಕ್ಟರರು ಗಂಟಲಿಗೆ ನಳಿಗೆ ಬಿಟ್ಟು ನೋಡಿ ಎಲ್ಲ ಸರಿಯಾಗಿದೆ ಎಂದರು. ಈಗ ಅವನು ಫೋನು ಮಾಡಿದರೆ ನಾನು ಫ್ಯಾನು ಆರಿಸಿ ಕೇಳಬೇಕು. ಬೇಜಾರಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಮೈದಾನದಲ್ಲಿ ಕೂಗಿದ ಆ ಒಂದು ಕೂಗು ಸಾಕು ಸರ್ ಎಂದು ನಕ್ಕ. ಆ ನಗುವೂ ಗಾಳಿಯಷ್ಟೇ ಇತ್ತು.

ಅಂದಿನಿಂದ ಲೆಫ್ಟಿನ ಕೂಗು ನಿಂತಿತು. ಹೊಸ ಹುಡುಗರು ಬಂದರು, ಹಳೆಯ ಮಾತು ಮರೆಯಿತು. ನಾನು ಮಾತ್ರ ಪದ್ಧತಿ ಬದಲಿಸಿದೆ. ಬೇಸುಗಳನ್ನು ಕಿತ್ತು ಮೈದಾನವನ್ನೇ ತಿರುಗಿಸಿದೆ, ಹೊಡೆಯುವ ನನಗೂ ಚೆಂಡಿನ ಹಿಂದೆ ಓಡುವವರಿಗೂ ನೀರು ಬೆನ್ನ ಹಿಂದೆ ಬರುವಂತೆ. ಸುಣ್ಣದ ಹೊಸ ಗೆರೆ ಯಾಕೆ ಎಂದು ಕೇಳಿದವರಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದೆ. ಹೊಸ ಜಾಗಕ್ಕೆ ಹೋದ ತರುಣರಿಗೂ ಅದನ್ನೇ ಹೇಳುತ್ತೇನೆ. ಹುಡುಗರಿಗೆ ಕೂಗಲು ಕಲಿಸಿ, ಕಲಿಸದೆ ಇರಬೇಡಿ. ಅದಕ್ಕೂ ಮೊದಲು ಆ ಮೈದಾನದ ಸುತ್ತ ಒಮ್ಮೆ ನಡೆದು, ಅಲ್ಲಿಯ ಮಂದಿ ಯಾವ ದಿಕ್ಕಿಗೆ ಸುಮ್ಮನಿರುತ್ತಾರೆ ಎಂದು ನೋಡಿಕೊಳ್ಳಿ.

ನಾನು ನಿವೃತ್ತನಾದ ದಿನ ಹಳೆಯ ಹುಡುಗರೆಲ್ಲ ಬಂದಿದ್ದರು. ಹಾರ, ಭಾಷಣ ಮುಗಿದ ಮೇಲೆ ಮೈದಾನಕ್ಕೆ ಎಳೆದುಕೊಂಡು ಹೋದರು. ಫೋಟೋಕ್ಕೆಂದು ಎಲ್ಲರೂ ನನ್ನ ಎರಡೂ ಕಡೆ ಸಾಲಾಗಿ ನಿಂತರು. ಹಣಮಂತ ನನ್ನ ಬಲಕ್ಕೆ ನಿಂತಿದ್ದ. ಸರ್ ಕೊನೆಯದೊಂದು ಹೊಡೀರಿ ಎಂದು ಬಸವರಾಜ ಕೈಗೆ ಬ್ಯಾಟು ಕೊಟ್ಟ. ಫೋಟೋದವನು ಬಿಸಿಲಿಗಾಗಿ ನಮ್ಮನ್ನು ಹಳೆಯ ದಿಕ್ಕಿಗೇ ತಿರುಗಿಸಿದ್ದ. ಅದು ನನ್ನ ಗಮನಕ್ಕೆ ಬರುವ ಮೊದಲೇ ನಾನು ಹೊಡೆದಾಗಿತ್ತು.

ಆ ವಯಸ್ಸಿಗೆ ಒಳ್ಳೆಯ ಹೊಡೆತ. ಚೆಂಡು ಹಳೆಯ ಲೆಫ್ಟಿನ ಮೇಲೆ ಏರಿತು. ಅತ್ತ ಒಬ್ಬರೂ ಇರಲಿಲ್ಲ. ಮೈದಾನದಲ್ಲಿದ್ದವರೆಲ್ಲ ನನ್ನ ಅಕ್ಕಪಕ್ಕದಲ್ಲೇ ಇದ್ದರು.

“ನಂದ!”

ಉಸಿರಿತ್ತು. ಹೆಜ್ಜೆಗೆ ಕುಲುಕುತ್ತಿತ್ತು. ಹದಿಹರೆಯದ ತುಂಬು ದನಿ, ನನ್ನ ಕಿವಿ ಯಾವತ್ತೂ ಮರೆಯದ ದನಿ. ನಾನು ಬಲಕ್ಕೆ ನೋಡಿದೆ. ಹಣಮಂತನ ತುಟಿ ಮುಚ್ಚಿತ್ತು. ಅವನು ನನ್ನ ಮುಂಗೈ ಹಿಡಿದುಕೊಂಡಿದ್ದ.

ನಾವೆಲ್ಲ ಚೆಂಡು ಬೀಳುವ ಸಪ್ಪಳಕ್ಕೆ ಕಾಯುತ್ತ ನಿಂತೆವು. ಕೊಕ್ಕರೆಗಳು ಎದ್ದು, ಒಂದು ಸುತ್ತು ಹಾಕಿ, ಮತ್ತೆ ನೀರಿನ ಅಂಚಿಗೆ ಕೂತವು. ಸಪ್ಪಳ ಬರಲಿಲ್ಲ. ಫೋಟೋದವನು ಕ್ಯಾಮೆರಾ ಇಳಿಸಿ ನಮ್ಮ ಮುಖಗಳನ್ನು ನೋಡುತ್ತಿದ್ದ.

“ಹಿಡದಾನ ಬಿಡ್ರಿ ಸರ,” ಎಂದ ಹಣಮಂತ, ನನಗಷ್ಟೇ ಕೇಳಿಸುವ ಆ ಗಾಳಿಯಂಥ ದನಿಯಲ್ಲಿ. “ನಡೀರಿ, ಹೋಗೂಣು.”

ಚೆಂಡು ಹುಡುಕಲು ಯಾರೂ ಹೋಗಲಿಲ್ಲ.